ರತ್ನಳ ಹೋಮ್‌ಸ್ಟೇಯಲ್ಲಿ ಬಿಸಿ ರೊಟ್ಟಿ

ಮೊನ್ನೆ ಅಮ್ಮನಿಗೆ ಸುಳ್ಳು ಹೇಳಿ ಸಿಕ್ಕಿಬಿದ್ದೆ. ಐವತ್ತೆರಡನೇ ವಯಸ್ಸಿನಲ್ಲಿ!

ಆದದ್ದಿಷ್ಟು. ಧಾರವಾಡದ ಗೆಳತಿ ವಿಜಯಾ ಮತ್ತು ಅವಳ ಗಂಡ ತರೀಕೆರೆ ಹತ್ತಿರದ ಅಮೃತಾಪುರದ ದೇವಸ್ಥಾನ ನೋಡಲು ಹೊರಟಿದ್ದರು. ಉಳಿಯಲು ಫೋನಿನಲ್ಲೇ ಹುಡುಕಿ ಒಂದು ಹೋಮ್‌ಸ್ಟೇ ಬುಕ್ ಮಾಡಿದ್ದರು. ಎಲ್ಲಿ? ಸಿಂಗಟಗೆರೆ ಕಡೆಯ ನನ್ನ ತವರೂರಿನಲ್ಲಿ! ಯಾರ ಮನೆ? ಏಳನೇ ಕ್ಲಾಸಿನವರೆಗೆ ನನ್ನ ಜೊತೆ ಓದಿದ ರತ್ನಳ ಮನೆ.

ಖುಷಿಯಾಗಬೇಕಿತ್ತು. ತಳಮಳ ಶುರುವಾಯಿತು.

ರತ್ನಳದು ದಲಿತ ಕೇರಿಯ ಬೌದ್ಧ ಕುಟುಂಬ. ಕೆಲವು ವರ್ಷಗಳ ಹಿಂದೆ ನಮ್ಮ ಮನೆಯ ಮದುವೆಯಲ್ಲಿ ಅವಳ ಮನೆಯವರನ್ನು ಬೇರೆ ಪಂಕ್ತಿಯಲ್ಲಿ ಕೂರಿಸಿದೆವು. ಅವರು ಎದ್ದು ಹೋದರು. ಮಾತಿಗೆ ಮಾತು ಬೆಳೆದು ಪೊಲೀಸ್ ಜೀಪೂ ಬಂತು. ಅಂದಿನಿಂದ ನಮ್ಮ ಬೀದಿಗೂ ಅವರ ಬೀದಿಗೂ ಮಾತಿಲ್ಲ. ಅವತ್ತು ನಾನೂ ಅಲ್ಲೇ ಇದ್ದೆ. ಸುಮ್ಮನಿದ್ದೆ. (ಆಮೇಲೆ ನಾನೀಗಿರುವ ಕಡೂರಿನಲ್ಲಿ ಕೂತು ಸಮಾನತೆಯ ಬಗ್ಗೆ ಇದೇ ಅಂಕಣದಲ್ಲಿ ಬರೆದೆ. ನಗಬೇಡಿ.)

ಹಾಗಾಗಿ ಅಮ್ಮನಿಗೆ, "ಅವ್ರು ಕಡೂರಲ್ಲೇ ಲಾಡ್ಜ್ ಮಾಡವ್ರೆ" ಎಂದುಬಿಟ್ಟೆ.

ಊರಿನಲ್ಲಿ ಗುಟ್ಟು ಉಳಿಯುತ್ತದೆಯೇ? ವಿಜಯಾ ಕರೆದಳೆಂದು ನಾನೂ ಹೋಗಿದ್ದೆ. ಭಾನುವಾರ ಮಧ್ಯಾಹ್ನ ರತ್ನಳ ಹಜಾರದಲ್ಲಿ ಊಟಕ್ಕೆ ಕೂತಿದ್ದೆವು. ಗೇಟಿನ ಸದ್ದಾಯಿತು. ನೋಡಿದರೆ ಅಮ್ಮ! ಕೈಯಲ್ಲಿ ಒಬ್ಬಟ್ಟಿನ ಡಬ್ಬಿ.

"ಏನೇ, ಮನೆಗೆ ಬಂದ ನೆಂಟ್ರನ್ನ ನನ್ನಿಂದ್ಲೇ ಬಚ್ಚಿಡ್ತೀಯಾ?"

ಅಮ್ಮ ಹೊಸ್ತಿಲಾಚೆಯೇ ನಿಂತಳು. ರತ್ನ ಒಳಗೆ ಕರೆಯಲಿಲ್ಲ. ಸೌಟು ಹಿಡಿದು ಅಮ್ಮನನ್ನೇ ನೋಡುತ್ತಿದ್ದಳು.

ಇದ್ಯಾವುದೂ ಗೊತ್ತಿಲ್ಲದ ವಿಜಯಾ ಎದ್ದು ಹೋಗಿ ಅಮ್ಮನ ಕೈ ಹಿಡಿದಳು. "ಬರ್ರಿ ಅವ್ವಾರ, ಒಳಗ ಬಂದು ಕುಂದರ್ರಿ. ರೊಟ್ಟಿ ಬಿಸಿ ಅದಾವ. ನೀವು ಉಣ್ಣದಿದ್ರ ನಾವೂ ಉಣ್ಣಂಗಿಲ್ಲ."

ಅಮ್ಮ ಚಪ್ಪಲಿ ಬಿಟ್ಟಳು. ಒಳಗೆ ಬಂದಳು. ಕೂತಳು. ರೊಟ್ಟಿ ಮುರಿದು, ಹುಚ್ಚೆಳ್ಳು ಚಟ್ನಿ ಹಚ್ಚಿ ಬಾಯಿಗಿಟ್ಟಳು.

"ಉಪ್ಪು ಕಮ್ಮಿ ಕಣೇ ರತ್ನ."

"ಹಾಕ್ಕೊಳ್ಳಿ ಅಮ್ಮ" ಎಂದು ರತ್ನ ಉಪ್ಪಿನ ಡಬ್ಬಿ ತಂದಿಟ್ಟಳು. ಒಬ್ಬಟ್ಟನ್ನು ಅವಳೇ ಎಲ್ಲರಿಗೂ ಬಡಿಸಿದಳು.

ಹೊರಡುವಾಗ ಅಮ್ಮ, "ರತ್ನ, ಬರೋ ಭಾನ್ವಾರ ನೀನೂ ನಿನ್ ಗಂಡಾನೂ ನಮ್ಮನೆಗೆ ಊಟಕ್ಕೆ ಬನ್ನಿ" ಎಂದಳು.

"ಬತ್ತೀವಿ. ಎಲ್ಲಿ ಕೂರಿಸ್ತೀರಿ?"

ರತ್ನ ಕೇಳಿದ್ದು ಮೆಲ್ಲಗೆ. ಅಮ್ಮನ ತಲೆ ತಗ್ಗಿತು. "ನನ್ನ ಪಕ್ದಲ್ಲೇ ಕಣೇ. ಅವತ್ತು ಮಾಡಿದ್ದು ತಪ್ಪಾಯ್ತು."

ಇಷ್ಟು ವರ್ಷ ನನ್ನ ಬಾಯಲ್ಲಿ ಬರದ ಮಾತು ಅದು.

ಹೇಳಿದ ದಿನ ರತ್ನ, ಅವಳ ಗಂಡ ಇಬ್ಬರೂ ಬಂದರು. ಅಮ್ಮನ ಪಕ್ಕದಲ್ಲೇ ಕೂತು ಉಂಡರು. ನಮ್ಮಣ್ಣ ಬಡಿಸಿದ. ಎದುರು ಮನೆಯವರು ಮುಖ ತಿರುಗಿಸಿದರು. ಮೂಲೆ ಮನೆಯಾಕೆ ಮಾತ್ರ ಬಂದು, "ನಾವೂ ನಿನ್ನಂಗೆ ಟೂರಿಸ್ಟ್‌ಗಳಿಗೆ ಎರ್ಡು ರೂಮ್ ಬಿಡ್ಬೋದಾ ರತ್ನ?" ಎಂದು ವಿಚಾರಿಸಿದಳು. ಊರೇ ಸರಿಹೋಯಿತು ಎನ್ನಲಾರೆ. ಒಂದು ಮನೆಯ ಪಂಕ್ತಿ ಒಂದಾಯಿತು, ಅಷ್ಟೆ.

ಪ್ರವಾಸೋದ್ಯಮ ಎಂದರೆ ನಮಗೆ ರಸ್ತೆ, ರೂಮು, ಬೋರ್ಡು. ನಮ್ಮ ಜಗಳವೇ ಗೊತ್ತಿಲ್ಲದ ಒಬ್ಬರು ಬಂದು ಹಸಿವಿನಿಂದ ಊಟಕ್ಕೆ ಕೂತರೆ ಏನೇನಾಗಬಹುದು ಎಂಬುದನ್ನು ಯಾವ ಬ್ರೋಷರ್ ಹೇಳುತ್ತದೆ?

ಈ ರಜೆಗೆ ಎಲ್ಲಿಗೆ ಹೋಗೋಣ ಅಂತ ಯೋಚಿಸುತ್ತಿದ್ದೀರಾ? ನಿಮ್ಮದೇ ಊರಿನಲ್ಲಿ ನೀವಿನ್ನೂ ಕಾಲಿಡದ ಮನೆ ಯಾವುದು, ಹೇಳಿ?