ಸಣ್ಣ ಕಾಕುವಿನ ಔಷಧ

ಮೊನ್ನೆ ಸಂಜೆ ಬಾಲ್ಕನಿಯ ಕುಂಡದಿಂದ ಅಜವಾನದ ಎಲೆ ಕಿತ್ತು ಅಂಗೈಯಲ್ಲಿ ಹಿಸುಕಿದೆ. ಬೇರೆ ಕಡೆ ದೊಡ್ಡಪತ್ರೆ ಅನ್ನುತ್ತಾರಲ್ಲ, ಅದೇ. ಮೊಮ್ಮಗನ ಕಾಲಿಗೆ ಸೊಳ್ಳೆ ಕಚ್ಚಿ ದದ್ದು ಎದ್ದಿದ್ದವು. ಆ ಘಾಟು ಮೂಗಿಗೆ ಹತ್ತಿದ್ದೇ ತಡ, ಸಣ್ಣ ಕಾಕು ಎದುರು ಬಂದು ನಿಂತಳು. ಬೇಡವೆಂದರೂ ಬರುತ್ತಾಳೆ...

ಸಣ್ಣ ಕಾಕು ಅಂದರೆ ನನ್ನ ಅಪ್ಪನ ಕೊನೆಯ ತಮ್ಮನ ಹೆಂಡತಿ. ನಮ್ಮದು ಸೋಲಾಪುರದಲ್ಲಿ ಕಿರಾಣಿ ವ್ಯಾಪಾರದ ದೊಡ್ಡ ಮನೆತನ. ಮದುವೆಯಾದ ಎರಡನೇ ವರ್ಷಕ್ಕೇ ಕಾಕುವಿನ ಗಂಡ ಸತ್ತ, ಮಕ್ಕಳಿರಲಿಲ್ಲ. ಆಯಿ, ಅಂದರೆ ನನ್ನ ಅಜ್ಜಿ, ಅವಳನ್ನು ಮನೆಯಲ್ಲಿ ಇಟ್ಟುಕೊಂಡಿದ್ದಳು. ಇಟ್ಟುಕೊಂಡಿದ್ದೇನೆ ಎಂದು ದಿನಕ್ಕೆರಡು ಸಲ ನೆನಪಿಸುತ್ತಲೂ ಇದ್ದಳು. ಅಕ್ಕಲಕೋಟೆ ತಾಲೂಕಿನ ಹನ್ನೂರ ಅವಳ ತವರು. ಅಲ್ಲಿ ಅತ್ತಿಗೆಯರು ಒಂದು ಹೊತ್ತಿನ ರೊಟ್ಟಿಗೂ ಮುಖ ಸಿಂಡರಿಸುವವರು. ನಮ್ಮ ಮನೆ ಬಿಟ್ಟರೆ ಅವಳಿಗೆ ಬೇರೆ ಗತಿ ಇರಲಿಲ್ಲ, ಅದು ಹತ್ತು ವರ್ಷದ ನನಗೂ ಗೊತ್ತಿತ್ತು.

ಮಾಳಿಗೆಯ ಮೇಲೆ ಅಂಗಡಿಯ ಖಾಲಿ ಎಣ್ಣೆ ಡಬ್ಬಿಗಳಲ್ಲಿ ಅವಳ ತೋಟ. ತುಳಸಿ, ಅಜವಾನದ ಎಲೆ, ಲೋಳಸರ. ಸೊಳ್ಳೆ ಕಚ್ಚಲಿ, ಕೆಂಪಿರುವೆ ಕಚ್ಚಲಿ, ನಾವು ಹುಡುಗರೆಲ್ಲ ತುರಿಸಿಕೊಳ್ಳುತ್ತ ಅವಳ ಹತ್ತಿರ ಓಡುತ್ತಿದ್ದೆವು. ಎಲೆಯನ್ನು ಹಂಚಿನ ಮೇಲೆ ಒಂದಿಷ್ಟೇ ಬಾಡಿಸಿ, ಹಿಂಡಿ, ಬೆರಳ ತುದಿಯಿಂದ ಹಚ್ಚಿ ಉಫ್ ಎಂದು ಊದುತ್ತಿದ್ದಳು. ಒಂದೇ ಕಟ್ಟುನಿಟ್ಟು: ದೀಪ ಹಚ್ಚಿದ ಮೇಲೆ ತುಳಸಿ ಕೀಳುತ್ತಿರಲಿಲ್ಲ.

ಅಕ್ಕನ ಮದುವೆ ನಿಶ್ಚಯವಾಗಿತ್ತು. ಮರುದಿನ ಎಲ್ಲರೂ ಮದುವೆಯ ಜವಳಿ ತೆಗೆಯಲು ಹೋಗುವುದಿತ್ತು. ನನಗೂ ಜರಿಯ ಲಂಗ ಕೊಡಿಸುವ ಮಾತಾಗಿತ್ತು. ಅವತ್ತೇ ಸಂಜೆ ನನ್ನ ಹೊಟ್ಟೆ, ಬೆನ್ನ ಮೇಲೆ ಗುಳ್ಳೆ ಎದ್ದವು. ಶಾಲೆಯಲ್ಲಿ ನನ್ನ ಪಕ್ಕದವಳಿಗೆ ಅಮ್ಮ ಬಂದದ್ದು ನನಗೆ ಗೊತ್ತಿತ್ತು. ನಮ್ಮ ಕಡೆ ಸಿಡುಬಿನಂಥದು ಏನೇ ಬಂದರೂ ದೇವಿ ಬಂದಳೆಂದೇ ಲೆಕ್ಕ. ಬಾಗಿಲಿಗೆ ಬೇವು ಕಟ್ಟುತ್ತಾರೆ, ಒಗ್ಗರಣೆ ಹಾಕುವುದಿಲ್ಲ, ಔಷಧ ಮುಟ್ಟಿಸುವುದಿಲ್ಲ. ಶುಭಕಾರ್ಯವಂತೂ ದೂರವೇ ಉಳಿಯಿತು.

ನಾನು ಮಾಳಿಗೆ ಹತ್ತಿದೆ. ಕಾಕು ಅಂಗಿ ಎತ್ತಿ ನೋಡಿದಳು. "ಇವು ಸೊಳ್ಳಿ ಕಡದದ್ದಲ್ಲ, ನೀರ ತುಂಬ್ಯಾವ. ಆಯಿಗಿ ಹೇಳಬೇಕು."

"ಬ್ಯಾಡ ಕಾಕು, ನಿನ್ನ ಕಾಲ ಬೀಳ್ತೀನಿ. ನನ್ನ ಬಿಟ್ಟು ಹೋಗ್ತಾರ."

ನಾನು ಅತ್ತೆ. ನನ್ನ ಅಳುವಿಗೆ ಆ ಮನೆಯಲ್ಲಿ ಕರಗುತ್ತಿದ್ದವಳು ಅವಳೊಬ್ಬಳೇ. ಕೆಳಗೆ ದೇವರ ದೀಪ ಹಚ್ಚಿಯಾಗಿತ್ತು. ಆದರೂ ತುಳಸಿಗೆ ಕೈ ಮುಗಿದು ನಾಲ್ಕು ಎಲೆ ಕಿತ್ತಳು. ರಸ ಹಚ್ಚಿದಳು, ತುಂಬುತೋಳಿನ ಅಂಗಿ ತೊಡಿಸಿದಳು. ಮರುದಿನ ನಾನು ಜರಿಯ ಲಂಗ ಆರಿಸಿಕೊಂಡೆ. ದಿನಾಲು ಅಕ್ಕನ ಮಗ್ಗುಲಲ್ಲೇ ಮಲಗಿದೆ.

ಎರಡು ವಾರಕ್ಕೆ, ಅರಿಶಿಣ ಹಚ್ಚುವ ದಿನ, ಅಕ್ಕನ ಮುಖದ ತುಂಬ ಗುಳ್ಳೆ. ಮದುವೆ ನಿಂತಿತು. ದೇವಿ ಮುನಿದ ಮನೆ ಎಂದು ಗಂಡಿನ ಕಡೆಯವರು ಮುಂದೆ ಮಾತೇ ಎತ್ತಲಿಲ್ಲ. ನನ್ನ ಬೆನ್ನ ಮೇಲಿನ ಒಣಗಿದ ಕಲೆಗಳನ್ನು ನೋಡಿದ ಆಯಿ ನನ್ನ ರಟ್ಟೆ ಹಿಡಿದಳು.

"ಸೊಳ್ಳಿ ಕಡದಾವ ಅಂತ ಕಾಕುನ ಅಂದಳು," ಅಂದೆ. "ಆಕಿನ ಸೊಪ್ಪ ಹಚ್ಚಿದಳು. ಯಾರಿಗೂ ಹೇಳಬ್ಯಾಡ ಅಂದಳು."

ಕೊನೆಯ ಮಾತನ್ನು ನನ್ನಿಂದ ಯಾರೂ ಕೇಳಿರಲಿಲ್ಲ. ನಾನಾಗಿಯೇ ಸೇರಿಸಿದೆ.

ಕಾಕು ನನ್ನ ಕಡೆ ಒಮ್ಮೆ ನೋಡಿದಳು. "ಹೌದ್ರಿ ಅತ್ತಿ, ನಾನ ಹಚ್ಚೀನಿ," ಅಂದಳು. ಅಷ್ಟೇ.

"ಗಂಡನ್ನ ಉಳಿಸ್ಕೊಳ್ಳಾಕ ಆಗಲಿಲ್ಲ, ನಮ್ಮ ಮಕ್ಕಳ ಮ್ಯಾಲ ವೈದ್ಯಕಿ ಮಾಡಾಕ ಬಂದಾಳ!" ಎಂದು ಆಯಿ ಕೂಗಿದ್ದು ಓಣಿಗೆಲ್ಲ ಕೇಳಿತು. ಡಬ್ಬಿಗಳನ್ನು ಮಾಳಿಗೆಯಿಂದಲೇ ಅಂಗಳಕ್ಕೆ ಒಗೆದರು. ಮರುದಿನ ಹನ್ನೂರಿನಿಂದ ಅವಳ ಅಣ್ಣ ಬಂದು ಅವಳನ್ನು ಅಕ್ಕಲಕೋಟೆ ಬಸ್ಸಿಗೆ ಹತ್ತಿಸಿದ. ಹೋಗುವಾಗ ಅಂಗಳದ ಮಣ್ಣಿನಿಂದ ಒಂದು ಅಜವಾನದ ಟೊಂಗೆ ಹೆಕ್ಕಿ ಹಸಿ ಬಟ್ಟೆಯಲ್ಲಿ ಸುತ್ತಿಕೊಂಡಳು. ನಾನು ಕಿಟಕಿಯಲ್ಲಿದ್ದೆ. ಕೆಳಗೆ ಇಳಿಯಲಿಲ್ಲ.

ಅಕ್ಕನಿಗೆ ಮುಂದೆ ಇನ್ನೂ ಒಳ್ಳೆಯ ಮನೆ ಸಿಕ್ಕಿತು. ಕಾಕುವನ್ನು ಮಾತ್ರ ಯಾರೂ ಮರಳಿ ಕರೆಯಲಿಲ್ಲ. ಮನೆಯಲ್ಲಿ ಯಾರಾದರೂ ಕೆಲಸ ಕೆಡಿಸಿದರೆ "ಇದು ಸಣ್ಣ ಕಾಕುನ ಔಷಧ ಆತು ನೋಡು" ಅನ್ನುವುದು ರೂಢಿಯಾಯಿತು. ಎಲ್ಲರೂ ನಗುತ್ತಿದ್ದರು. ನಾನೂ.

ಬಹಳ ವರ್ಷಗಳ ಮೇಲೆ ಮಗಳನ್ನು ಕರೆದುಕೊಂಡು ಹನ್ನೂರಿಗೆ ಹೋದೆ. ಕಾಕು ಅಣ್ಣನ ಮನೆಯ ದನದ ಕೊಟ್ಟಿಗೆಯ ಪಕ್ಕ ಒಂದು ತಗಡಿನ ಕೋಣೆಯಲ್ಲಿದ್ದಳು. ಬಾಗಿಲಲ್ಲಿ ಅಜವಾನದ ಗಿಡ ಪೊದೆಯಾಗಿತ್ತು. ಅಲ್ಲೇ ಮಗಳ ಕೈಗೆ ಏನೋ ಕಚ್ಚಿ ಅವಳು ಅಳತೊಡಗಿದಳು. ಕಾಕು ಎದ್ದು ಎಲೆ ಕಿತ್ತಳು, ಬಾಡಿಸಿದಳು. ಮಗಳ ಹತ್ತಿರ ಬಂದವಳು ಅರ್ಧಕ್ಕೆ ನಿಂತು ಎಲೆಯನ್ನು ನನ್ನ ಕೈಗೆ ಕೊಟ್ಟಳು.

"ನೀನ ಹಚ್ಚವಾ," ಅಂದಳು. "ನಾ ಹಚ್ಚಂಗಿಲ್ಲ."

ಆ ದನಿಯಲ್ಲಿ ಸಿಟ್ಟಿರಲಿಲ್ಲ. ಕ್ಷಮೆ ಕೇಳಬೇಕೆಂದೇ ಹೋಗಿದ್ದೆ... ಎಲೆ ಹಚ್ಚಿ, ಚಹಾ ಕುಡಿದು, ಒಂದು ಟೊಂಗೆ ಮುರಿದುಕೊಂಡು ಬಂದೆ. ಮರುವರ್ಷ ಅವಳು ಸತ್ತ ಸುದ್ದಿ ಬಂತು. ನಮ್ಮ ಮನೆಯಿಂದ ಯಾರೂ ಮಣ್ಣಿಗೆ ಹೋಗಲಿಲ್ಲ.

ಮೊನ್ನೆ ಹಚ್ಚಿದ ಅರ್ಧ ತಾಸಿಗೆ ಮೊಮ್ಮಗ ತುರಿಸಿಕೊಳ್ಳುವುದನ್ನು ಬಿಟ್ಟು ಆಟಕ್ಕೆ ಓಡಿದ. ಸೊಸೆ ಎಲೆಯನ್ನು ಮೂಸಿ ನೋಡಿ, "ಭಾರಿ ಅದ ರೀ ಅತ್ತಿ, ನಿಮಗ ಯಾರು ಕಲಿಸಿದ್ರು?" ಅಂದಳು.

ಹೇಳಬಹುದಿತ್ತು. ಆಯಿ ಇಲ್ಲ, ಅಪ್ಪ ಇಲ್ಲ, ಬೈಯುವವರು ಯಾರೂ ಉಳಿದಿಲ್ಲ.

"ಮೊಬೈಲ್‌ದಾಗ ನೋಡಿದ್ದೆ," ಅಂದೆ.