ನಾನು ಗುದ್ದದ ಹುಣಸೆಮರ

ಕಾರು ಓಡಿಸುವುದನ್ನು ನನಗೆ ಕಲಿಸಿದವರು ನಮ್ಮಪ್ಪ. ದಂಡಿನಶಿವರದ ನಮ್ಮ ಕಣದಲ್ಲಿ ಹಳೆಯ ಜೀಪು ಹತ್ತಿಸಿ ಸ್ಟೇರಿಂಗು ಹಿಡಿಸಿದರು. ತುಮಕೂರಿಗೆ ಕರೆದುಕೊಂಡು ಹೋಗಿ ಲೈಸೆನ್ಸೂ ಕೊಡಿಸಿದರು. ಮದುವೆಯಾಗಿ ತಿಪಟೂರಿನ ಕೊಬ್ಬರಿ ವ್ಯಾಪಾರಿಗಳ ಮನೆಗೆ ಬಂದೆ. ಅಲ್ಲಿ ಅಂಬಾಸಿಡರ್ ಕಾರಿತ್ತು. ನನ್ನ ಗಂಡನಿಗೂ ಓಡಿಸಲು ಬರುತ್ತಿತ್ತು. ಆದರೆ ಅವರಿಗೆ ರಸ್ತೆಗಿಂತ, ರಸ್ತೆಯಲ್ಲಿ ತಮ್ಮನ್ನು ಯಾರು ನೋಡುತ್ತಿದ್ದಾರೆ ಎಂಬುದರ ಮೇಲೇ ಗಮನ. ಹಾಗಾಗಿ ಮಾವನವರನ್ನು ಮಂಡಿಗೆ ಬಿಡುವುದು, ಅತ್ತೆಯನ್ನು ಆಸ್ಪತ್ರೆಗೆ ಕರೆದೊಯ್ಯುವುದು ನನ್ನ ಪಾಲಿಗೆ ಬಂತು.

ಎಂಬತ್ತರ ದಶಕ ಶುರುವಾಗುವ ಹೊತ್ತಿಗೆ ನಾನು ಹಲವು ವರ್ಷ ಓಡಿಸಿದ್ದೆ, ಕಾರಿಗೆ ಒಂದು ಗೀರೂ ಬಿದ್ದಿರಲಿಲ್ಲ. ಅಪಘಾತವಾಯಿತೆಂದು ಪರಿಹಾರ ಕೇಳದಿದ್ದರೆ ವಿಮೆಯವರು ಮುಂದಿನ ವರ್ಷದ ಪ್ರೀಮಿಯಮ್ಮಿನಲ್ಲಿ ಸ್ವಲ್ಪ ಕಡಿಮೆ ಮಾಡುತ್ತಿದ್ದರು. ವರ್ಷ ಕಳೆದಂತೆ ಆ ಬೋನಸ್ ಬೆಳೆಯುತ್ತಿತ್ತು. ಒಮ್ಮೆ ಪರಿಹಾರ ಕೇಳಿದರೆ ಅಷ್ಟೂ ಹೋಯಿತು. ಪಾಲಿಸಿ ಗಂಡನ ಹೆಸರಲ್ಲಿತ್ತು, ಬೋನಸ್ ದುಡಿದದ್ದು ನನ್ನ ಕೈಗಳು. ಮನೆಯಲ್ಲಿ ಯಾರೂ ಅದನ್ನು ಬಾಯಿಬಿಟ್ಟು ಹೇಳಲಿಲ್ಲ.

ಒಂದು ಮಧ್ಯಾಹ್ನ ಗಂಡ ತಾವೇ ಕಾರು ತೆಗೆದುಕೊಂಡು ಕಿಬ್ಬನಹಳ್ಳಿಗೆ ಹೋದರು. ಬರುವಾಗ ಬಸ್ಸೊಂದನ್ನು ಹಿಂದೆ ಹಾಕಲು ಹೋಗಿ ರಸ್ತೆ ಬದಿಯ ಹುಣಸೆಮರಕ್ಕೆ ಗುದ್ದಿದರು. ಅವರಿಗೆ ಹಣೆ ತರಚಿತ್ತು, ಅಷ್ಟೆ. ಕಾರಿನ ಮೂತಿ ಜಜ್ಜಿಹೋಗಿತ್ತು. ಆಗ ನಾನು ಹಿತ್ತಲಲ್ಲಿ, ಅಟ್ಟದಿಂದ ಇಳಿಸಿದ ಕಾಯಿಯ ಕರಟ ಬಿಡಿಸುತ್ತಿದ್ದ ಹೆಂಗಸರ ಜೊತೆ ಕೂತಿದ್ದೆ.

ಮಾರನೆಯ ದಿನ ವಿಮೆ ಏಜೆಂಟ್ ಬಂದ. ನಮ್ಮವರ ದೂರದ ನೆಂಟ. ನಾನು ಕಾಫಿ ತಂದಾಗ ಗಂಡ ಹೇಳುತ್ತಿದ್ದರು:

"ಲೈಸೆನ್ಸ್ ಮುಗ್ದು ವರ್ಸ ಆಯ್ತು ಕಣಪ್ಪ. ತುಮಕೂರಿಗೆ ಹೋಗೋಕಾಗ್ಲಿಲ್ಲ."

"ಹಂಗಾದ್ರೆ ಒಂದು ಕಾಸೂ ಬರಲ್ಲ," ಎಂದ ಏಜೆಂಟ್. ಆಮೇಲೆ ನನ್ನ ಕಡೆ ತಿರುಗಿ ನಕ್ಕ. "ಅತ್ತಿಗೇದು ಚಾಲ್ತಿಲಿ ಐತಲ್ಲ. ಅವ್ರೇ ಓಡುಸ್ತಿದ್ರು ಅಂತ ಬರ್ಕೊಂಡ್ರೆ ಆಯ್ತು."

ನನ್ನನ್ನು ಯಾರೂ ಕೇಳಲಿಲ್ಲ. ಹೆಸರು ಬರೆದೂ ಆಯಿತು. ಏಜೆಂಟ್ ಹೋದ ಮೇಲೆ ಗಂಡ ನನಗೆ ಪಾಠ ಹೇಳಿಕೊಟ್ಟರು. "ಕರು ಅಡ್ಡ ಬಂತು, ಗಾಬರಿಯಾಯ್ತು ಅನ್ನು. ಹೆಂಗಸ್ರು ಗಾಬರಿಯಾದ್ರು ಅಂದ್ರೆ ಯಾರಾದ್ರೂ ನಂಬ್ತಾರೆ ಕಣೇ."

ಆ ಮಾತು ಕೇಳಿ ನನ್ನ ಕಿವಿ ಬಿಸಿಯಾಯಿತು. ರಸ್ತೆಗೆ ಅಡ್ಡ ಬಂದ ಎಷ್ಟು ಕರುಗಳನ್ನು ನಾನು ತಪ್ಪಿಸಿರಲಿಲ್ಲ? ಒಂದು ದಿನವೂ ಗಾಬರಿಯಾಗಿರಲಿಲ್ಲ.

ಆ ವಾರವೇ ನಷ್ಟ ಅಂದಾಜು ಮಾಡಲು ತುಮಕೂರಿನಿಂದ ಸರ್ವೇಯರ್ ಬಂದರು. ಕಾರು ನೋಡಿ, ಜಗುಲಿಯಲ್ಲಿ ಕೂತು ನನ್ನನ್ನು ಕರೆಸಿದರು.

"ಹೇಗಾಯ್ತಮ್ಮ?"

ಗಂಡ ಕಂಬಕ್ಕೆ ಒರಗಿ ನನ್ನನ್ನೇ ನೋಡುತ್ತಿದ್ದರು.

"ನನಗೆ ಗೊತ್ತಿಲ್ಲ ಸಾರ್. ನಾನು ಆವತ್ತು ಕಾರು ಮುಟ್ಟಿಲ್ಲ. ಓಡಿಸ್ದೋರು ಇಲ್ಲೇ ಅವ್ರೆ, ಅವ್ರನ್ನೇ ಕೇಳಿ."

ಸರ್ವೇಯರ್ ಪೆನ್ನಿನ ಕ್ಯಾಪು ಹಾಕಿದರು. "ಅರ್ಜಿ ವಾಪಸ್ ತಗೊಳ್ಳಿ ಯಜಮಾನ್ರೆ. ನಾನು ಇದನ್ನ ಬರ್ಕೊಂಡ್ ಹೋದ್ರೆ ನಿಮಗೇ ತೊಂದ್ರೆ," ಎಂದು ಎದ್ದು ಹೋದರು.

ಮಾವನವರು ಆ ಸಂಜೆ ಒಂದೇ ಮಾತು ಹೇಳಿದರು: "ಮನೆ ಮಾನ ಬೀದಿಗೆ ಹಾಕ್ದೆ ಕಣಮ್ಮ."

"ನನ್ನ ಹೆಸ್ರು ಈ ಮನೆ ಮಾನದೊಳಗೆ ಇಲ್ವಾ ಮಾವಯ್ಯ?" ಎಂದೆ. ಅವರು ಟವಲು ಕೊಡವಿ ಹೆಗಲಿಗೆ ಹಾಕಿಕೊಂಡು ಒಳಗೆ ಹೋದರು. ಗಂಡ ಕೈಯಿಂದ ಹಣ ಹಾಕಿ ಕಾರು ರಿಪೇರಿ ಮಾಡಿಸಿದರು. ಕೀಲಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದರು. ತಿಂಗಳುಗಟ್ಟಲೆ ಕಾರು ಕೊಟ್ಟಿಗೆ ಪಕ್ಕದಲ್ಲಿ ಧೂಳು ತಿಂದಿತು. ಅತ್ತೆಗೆ ಎದೆನೋವು ಬಂದ ದಿನ ಮಾವನವರೇ ಬೀರು ತೆಗೆದು ಕೀಲಿ ತಂದು ನನ್ನ ಮುಂದಿಟ್ಟರು. ಯಾರೂ ತಪ್ಪಾಯಿತು ಅನ್ನಲಿಲ್ಲ. ನಾನು ಓಡಿಸಿದೆ, ಅತ್ತೆ ಉಳಿದುಕೊಂಡರು.

ಪಾಲಿಸಿ ನವೀಕರಿಸುವ ಸಮಯ ಬಂತು. ಪರಿಹಾರ ಕೇಳಿರಲಿಲ್ಲವಾದ್ದರಿಂದ ಬೋನಸ್ ಕರಗದೆ ಉಳಿದಿತ್ತು. ಬಂದ ನೆಂಟರ ಮುಂದೆ ಗಂಡ ಕಾಲ ಮೇಲೆ ಕಾಲು ಹಾಕಿಕೊಂಡು, "ಇಷ್ಟು ವರ್ಸದಲ್ಲಿ ನಮ್ಮ ಗಾಡಿ ಮೇಲೆ ಒಂದು ಕ್ಲೇಮೂ ಇಲ್ಲ. ಓಡಿಸೋದು ಗೊತ್ತಿರಬೇಕು," ಎಂದರು. ನಾನು ಅಡುಗೆಮನೆಯಲ್ಲಿ ಒಬ್ಬಟ್ಟು ಲಟ್ಟಿಸುತ್ತಿದ್ದೆ. ಲಟ್ಟಣಿಗೆಯನ್ನು ಎಷ್ಟು ಜೋರಾಗಿ ಒತ್ತಿದೆನೆಂದರೆ ಒಬ್ಬಟ್ಟು ಹರಿದು ಹೂರಣ ಹೊರಗೆ ಬಂತು.

ಏಜೆಂಟ್ ಮಾತ್ರ ತಾನು ಕಟ್ಟಿದ ಕತೆಯನ್ನು ಊರೆಲ್ಲ ಹಂಚಿದ್ದ. ತುರುವೇಕೆರೆಯ ಒಂದು ಮದುವೆಯಲ್ಲಿ ನಮ್ಮವರ ಕಡೆಯ ಹೆಂಗಸೊಬ್ಬರು ನನ್ನ ಕೈ ಹಿಡಿದು ಕೇಳಿದರು: "ಹುಣ್ಸೆಮರಕ್ಕೆ ಕಾರು ಗುದ್ದಿದ್ದು ನೀನೇ ಅಂತಲ್ಲ? ಹೆಂಗಸ್ರಿಗ್ಯಾಕೆ ಬೇಕು ಬುಡು ಅದೆಲ್ಲ." ಗಂಡ ಪಕ್ಕದಲ್ಲೇ ನಿಂತು ಅಡಕೆ ಅಗಿಯುತ್ತಿದ್ದರು.

"ಗುದ್ದಿದ್ದು ನಾನಲ್ಲ, ಇವ್ರು," ಎಂದು ಎಲ್ಲರಿಗೂ ಕೇಳುವಂತೆ ಹೇಳಿದೆ.

ನಾನು ತಮಾಷೆ ಮಾಡಿದೆನೆಂದುಕೊಂಡು ಆಕೆ ನಕ್ಕರು. ನನ್ನ ಗಂಡನೂ ನಕ್ಕರು. ಅವರು ನಕ್ಕದ್ದಕ್ಕೆ ನನಗೆ ಇವತ್ತಿಗೂ ಮೈ ಉರಿಯುತ್ತದೆ.