ಹಾಡಿನಿಂದ ಪೆಟ್ಟಿಗೆ ಬಿಡಿಸಲು ಹೋಗಿದ್ದು

ನನ್ನ ಮೈದುನನಿಗೆ ಹಾರ್ಮೋನಿಯಂ ನುಡಿಸುವುದಕ್ಕಿಂತ ಮುನಿಸಿಕೊಳ್ಳುವುದು ಚೆನ್ನಾಗಿ ಬರುತ್ತದೆ. ವರ್ತೂರಿನ ನಮ್ಮ ಬೀದಿಯ ರಾಮಮಂದಿರದಲ್ಲಿ ಶನಿವಾರದ ಭಜನೆಗೆ ನಾನು ಹಾಡುವುದು, ಅವನು ಪೆಟ್ಟಿಗೆ ನುಡಿಸುವುದು ಮೊದಲಿನಿಂದ ಬಂದ ರೂಢಿ. ಕಳೆದ ವರ್ಷ ಒಂದು ಸಂಜೆ, “ನಿನ್ ಪೆಟ್ಟಿಗೆ ಗೂರಲು ಬಂದೋರಂಗೆ ಉಸಿರು ಬಿಡ್ತದೆ, ತಿದಿ ರಿಪೇರಿ ಮಾಡಿಸಪ್ಪ” ಎಂದೆ. ಅದರಲ್ಲಿ ಸುಳ್ಳೇನಿತ್ತು?

“ಮೊದ್ಲು ನಿನ್ ಗಂಟ್ಲು ರಿಪೇರಿ ಮಾಡಿಸ್ಕೊ ಅತ್ತಿಗೆ” ಎಂದವನೇ ಪೆಟ್ಟಿಗೆ ಹೊತ್ತುಕೊಂಡು ಹೋದ. ಮರುವಾರದಿಂದ ಬಂದು ಕೈಮುಗಿದು, ಬಾಗಿಲ ಹತ್ತಿರ ಕೂತು, ಪ್ರಸಾದ ತಿಂದು ಹೋಗುತ್ತಿದ್ದ. ಪೆಟ್ಟಿಗೆ ಮಾತ್ರ ಮನೆಯಲ್ಲೇ.

ಶ್ರುತಿಯಿಲ್ಲದೆ ಹೆಂಗಸರು ಒಬ್ಬೊಬ್ಬರು ಒಂದೊಂದು ದಿಕ್ಕಿಗೆ ಹಾಡಿದರು. ಆಮೇಲೆ ಬರುವುದನ್ನೇ ಬಿಡತೊಡಗಿದರು. ಒಬ್ಬಳಿಗೆ ಸೀರಿಯಲ್ಲು, ಇನ್ನೊಬ್ಬಳಿಗೆ ಮೊಣಕಾಲು. ಹೀಗೇ ಬಿಟ್ಟರೆ ಧನುರ್ಮಾಸದ ಹೊತ್ತಿಗೆ ಭಜನೆಯೇ ನಿಂತುಹೋಗುತ್ತಿತ್ತು. ಹಾಗಂತ ಅವನ ಬಾಗಿಲಿಗೆ ಹೋಗಿ ಕರೆಯಲು ನಾನು ತಯಾರಿರಲಿಲ್ಲ.

ನಮ್ಮ ಮಹಡಿ ಮನೆಯಲ್ಲಿ ಬಾಡಿಗೆಗಿರುವ ಹುಡುಗಿ ಧಾರವಾಡದ ಕಡೆಯವಳು. ಕಂಪ್ಯೂಟರ್ ಕೆಲಸ. ಮೂರ್ನಾಲ್ಕು ವರ್ಷದ ಹಿಂದೆ ಒಂದು ಶನಿವಾರ ಮೈಕ್‌ಸೆಟ್ಟಿನವನು ನಮ್ಮ ಭಜನೆ ರೆಕಾರ್ಡ್ ಮಾಡಿ ಕೊಟ್ಟಿದ್ದ ಪೆನ್‌ಡ್ರೈವನ್ನು ಅವಳ ಕೈಗಿಟ್ಟೆ.

“ಇದ್ರಲ್ಲಿ ನನ್ ದನಿನೂ ಬ್ಯಾಡ, ಡೋಲಕ್ಕೂ ಬ್ಯಾಡ. ಅದಕ್ಕೆಲ್ಲಾ ಜನ ಅವ್ರೆ. ಪೆಟ್ಟಿಗೆ ಒಂದೇ ತೆಗ್ದುಕೊಡು.”

“ಆಗ್ತದ್ರಿ ಅಜ್ಜಿ. ಹಾಡು, ಡೋಲಕ್ಕು, ಉಳಿದದ್ದು, ಎಲ್ಲಾ ಬ್ಯಾರೆ ಬ್ಯಾರೆ ಮಾಡೋ ಸಾಫ್ಟ್‌ವೇರ್ ಅದ ನನ್ನ ಕಂಪ್ಯೂಟರ್‌ನ್ಯಾಗ.”

ಅಕ್ಕಿಯಿಂದ ಕಲ್ಲು ಆರಿಸಿದ ಹಾಗೆ ಇರಬೇಕು ಅಂದುಕೊಂಡೆ. ಎಲ್ಲಿಯ ಅಕ್ಕಿ! ಡೋಲಕ್ಕೇನೋ ಚೊಕ್ಕವಾಗಿ ಹೋಯಿತು. ಆದರೆ ನಾನು ಬಾಯಿ ತೆರೆದ ಕಡೆಯೆಲ್ಲ ಪೆಟ್ಟಿಗೆಯ ಸದ್ದು ಸೊರಗುತ್ತಿತ್ತು. ಅದರ ಹಿಂದೆ ನನ್ನ ದನಿ, ಬಾವಿಗೆ ಬಿದ್ದವಳು ಕೂಗಿಕೊಂಡ ಹಾಗೆ.

“ನನ್ನನ್ನ ಪೂರ್ತಿ ತೆಗಿ ಅಂದ್ನಲ್ಲ?”

“ತೆಗೀಲಿಕ್ಕೆ ಹೋದ್ರ ಪೆಟ್ಟಿಗೀನೂ ಹೋಗ್ತದ್ರಿ. ಅವರು ನಿಮ್ಮ ದನಿ ಬೆನ್ನು ಹತ್ತೇ ನುಡಿಸ್ಯಾರ. ಎರಡೂ ಅಂಟಿಕೊಂಡಾವ.”

ಭಜನೆಯಲ್ಲಿ ನುಡಿಸುವುದೇ ಹಾಗಲ್ಲವೇ? ಅದು ಮೆಷಿನ್ನಿಗೆ ಗೊತ್ತಾಗಬೇಡವೇ? ಬಂದಷ್ಟೇ ಬಂತು ಎಂದು ಧನುರ್ಮಾಸದ ಮೊದಲ ಶನಿವಾರ ಮಂದಿರದಲ್ಲಿ ಸ್ಪೀಕರ್ ಇಟ್ಟೆವು. ಅಪಾರ್ಟ್‌ಮೆಂಟಿನವರೂ ಬಂದು ಮಂದಿರ ತುಂಬಿತ್ತು. ರೆಕಾರ್ಡಿನಲ್ಲಿದ್ದದ್ದು ಆಗ ನನಗಿದ್ದ ಉಸಿರಿಗೆ ತಕ್ಕಂತೆ ನುಡಿಸಿದ್ದು. ಈಗ ಅದು ಮುಂದೆ ಓಡುತ್ತಿತ್ತು, ನಾವು ಹಿಂದೆ ಏದುಸಿರು ಬಿಡುತ್ತಿದ್ದೆವು. ಹಾಗೂ ಹೀಗೂ ಮಂಗಳಾರತಿಗೆ ಬಂದು ಮುಟ್ಟಿದೆವು.

ನಮ್ಮಲ್ಲಿ ಆರತಿ ತಟ್ಟೆ ಕೊನೆಯವರ ಹತ್ತಿರ ಹೋಗುವ ತನಕ ಹಾಡು ನಿಲ್ಲಿಸಬಾರದು. ತಟ್ಟೆ ಎಲ್ಲಿದೆ ಎಂದು ನೋಡುತ್ತಾ ಪಲ್ಲವಿಯನ್ನು ಮತ್ತೆ ಮತ್ತೆ ಎಳೆಯುವುದು ಪೆಟ್ಟಿಗೆಯವನ ಕೆಲಸ. ರೆಕಾರ್ಡ್ ಮಾಡಿದ ದಿನ ಮಳೆ, ಜನ ಕಡಿಮೆ. ಅದು ನನಗೆ ಮೊದಲೇ ಹೊಳೆಯಲಿಲ್ಲ. ತಟ್ಟೆ ಅರ್ಧ ಮಂದಿರವನ್ನೂ ದಾಟಿರಲಿಲ್ಲ, ಸ್ಪೀಕರ್ ಗಪ್‌ಚಿಪ್. ಹೆಂಗಸರೂ ನಿಲ್ಲಿಸಿಬಿಟ್ಟರು. ಪೂಜಾರಿ ತಟ್ಟೆ ಹಿಡಿದು ನನ್ನನ್ನು ನೋಡಿದರು. ನಾನು ಮಹಡಿ ಮನೆಯವಳನ್ನು ನೋಡಿದೆ. ಅವಳು ಫೋನು ತಿಕ್ಕುತ್ತಿದ್ದಳು.

ಬಾಗಿಲ ಹತ್ತಿರದಿಂದ ಮೈದುನ ಕೂಗಿದ: “ಅತ್ತಿಗೆ, ಬಾಯಿ ಯಾಕ್ ಮುಚ್ಕೊಂಡೆ? ತಟ್ಟೆ ಇನ್ನೂ ಇತ್ಲಾಗೆ ಬಂದಿಲ್ಲ, ಎತ್ತು!”

ನಾನು ಎತ್ತುವ ಮೊದಲೇ ತಾನೇ ಪಲ್ಲವಿ ಎತ್ತಿದ. ಅವನ ಗಂಟಲೂ ಅವನ ಪೆಟ್ಟಿಗೆಯ ಹಾಗೇ. ನಾನು ಸೇರಿಕೊಂಡೆ, ಹೆಂಗಸರೂ ಸೇರಿಕೊಂಡರು. ಕಣ್ಣು ತಟ್ಟೆಯ ಮೇಲಿಟ್ಟುಕೊಂಡು ಎಳೆದೇ ಎಳೆದ. ಕೊನೆಯ ಸಾಲಿನ ಮುದುಕಿ ಆರತಿ ತೆಗೆದುಕೊಂಡ ಮೇಲೆಯೇ ಬಿಟ್ಟ.

ಹೊರಗೆ ಚಪ್ಪಲಿ ಹುಡುಕುತ್ತಿದ್ದಾಗ ಹತ್ತಿರ ಬಂದ.

“ಆ ಡಬ್ಬದೊಳಗೆ ನುಡಿಸ್ತಿದ್ದೋನು ನಾನೇ ತಾನೆ?”

“ಇನ್ಯಾರು? ಅಂಗೆ ಗೊರಗೊರ ಅನ್ನೋ ಪೆಟ್ಟಿಗೆ ಇನ್ಯಾರ್ ತಾವ ಐತೆ?”

“ನನ್ನ ಒಂದ್ ಮಾತು ಕೇಳ್ಬಾರ್ದಾ?”

“ಕೇಳೋಕೆ ನೀನು ಮಾತಾಡ್ತಿದ್ಯಾ?”

ಅವನು ಕಾಲಿನಿಂದ ಚಪ್ಪಲಿ ಸರಿಸುತ್ತಾ ನಿಂತ. “ಮುಂದಿನ್ ವಾರ ಬರ್ತೀನಿ. ಆ ಸ್ಪೀಕರ್ ಇಲ್ಲಿರ್ಬಾರ್ದು.”

“ತಿದಿ ರಿಪೇರಿ ಮಾಡಿಸ್ಕೊಂಡು ಬಾ” ಎಂದೆ.

ಬಂದ. ರಿಪೇರಿ ಮಾಡಿಸಿರಲಿಲ್ಲ.